ಕೆಂಪು ಗುಂಡಿಗೆ ಬೀಗ ಹಾಕಿಸಿದ ನಿರ್ದೇಶಕರಿಗೆ

ಮಾನ್ಯರೇ, ಪರಮ ಮಾನ್ಯರೇ,

(ಒಂದೇ ಸಲ ಮಾನ್ಯರೇ ಎಂದರೆ ಧಾಟಿ ಸಾಲದೆಂದು ಪತ್ರ ವಾಪಸು ಬರಬಹುದು. ತಮ್ಮ ಕಚೇರಿಯಿಂದ ಹಾಗೆ ವಾಪಸು ಬಂದ ಕಾಗದಗಳು ನನ್ನ ಅಡುಗೆಮನೆಯ ಮೇಜಿನ ಮೇಲೆ ಈಗಾಗಲೇ ಮೂರಿವೆ. ಆದ್ದರಿಂದ ಈ ಮುಂಜಾಗ್ರತೆ.)

ಹದಿನೈದು ವರ್ಷದ ಹುಡುಗಿಯೊಬ್ಬಳು ಓಡುತ್ತಿದ್ದ ಯಂತ್ರವನ್ನು ನಿಲ್ಲಿಸಿ ತಮ್ಮ ಕುತ್ತಿಗೆಯನ್ನು ಉಳಿಸಿದಳು. ಸಂಜೆ ಕೇಂದ್ರಗಳ ನಿರ್ದೇಶಕರಾದ ತಾವು ಅವಳನ್ನು ಶಾಲೆ ಬಿಟ್ಟ ಮೇಲೆ ಮಕ್ಕಳು ಬರುವ ನಮ್ಮ ಕೇಂದ್ರದಿಂದ ಹೊರಗೆ ಹಾಕಿದಿರಿ, ಅವಳ ನಡತೆ ಪತ್ರದಲ್ಲಿ 'ಅವಿಧೇಯೆ' ಎಂದು ಬರೆಸಿದಿರಿ, ಯಂತ್ರ ನಿಲ್ಲಿಸುವ ಗುಂಡಿಗೆ ಬೀಗ ಜಡಿಸಿದಿರಿ. ಬರುವ ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಅವಳು ಅದೇ ನಡತೆ ಪತ್ರ ಹಿಡಿದುಕೊಂಡು ಮರಗೆಲಸದ ತರಬೇತಿ ಶಾಲೆಯ ಸಂದರ್ಶನಕ್ಕೆ ಹೋಗಬೇಕು. ಆ ಪದ ಅಲ್ಲಿರುವವರೆಗೆ ಅವಳಿಗೆ ಸೀಟು ಸಿಗುವ ಭರವಸೆ ಇಲ್ಲ. ನನ್ನ ದೂರು ಇಷ್ಟೇ. ತಮಗೆ ಪುರುಸೊತ್ತು ಇಲ್ಲದಿದ್ದರೆ ಇಲ್ಲಿಗೇ ನಿಲ್ಲಿಸಿ, ಆ ಪದ ಹೊಡೆದುಹಾಕಿ, ಸಹಿ ಮಾಡಿ ಕಳಿಸಬಹುದು. ಮುಂದಿನದನ್ನು ಓದುವ ಕಷ್ಟ ತಪ್ಪುತ್ತದೆ.

ಓದುತ್ತಿದ್ದೀರಿ ಎಂದ ಮೇಲೆ ಸಹಿ ಮಾಡಿಲ್ಲ ಎಂದಾಯಿತು. ಸರಿ, ನನ್ನ ಪರಿಚಯ ಹೇಳುತ್ತೇನೆ. ಆ ಕೇಂದ್ರದ ಓದುವ ಕೋಣೆಯಲ್ಲಿ ನಾಲ್ಕರಿಂದ ಆರೂವರೆಯವರೆಗೆ ಮಕ್ಕಳ ಹೋಂವರ್ಕಿಗೆ ಜೊತೆ ಕೂರುವ ಟೀಚರ್ ನಾನು. ಮದುವೆಯಾಗಿ ಒಂಬತ್ತು ವಾರವಾಯಿತು. ಪಕ್ಕದ ಕೋಣೆಯಲ್ಲಿ ಮರಗೆಲಸ ಕಲಿಸುವ ಮೇಷ್ಟ್ರೇ ನನ್ನ ಗಂಡ. ('ನನ್ನ ಗಂಡ' ಎಂದು ಬರೆಯಲು ಅವಕಾಶ ಸಿಕ್ಕಲ್ಲೆಲ್ಲ ಬರೆಯುತ್ತೇನೆ. ಹೊಸದು, ಸಹಿಸಿಕೊಳ್ಳಬೇಕು.) ನಾನು ಓದಿದ್ದೆಲ್ಲ ಇಂಗ್ಲಿಷ್ ಮಾಧ್ಯಮದಲ್ಲಿ. ಕನ್ನಡದಲ್ಲಿ ಇಷ್ಟುದ್ದ ಜಗಳವಾಡಿ ಅಭ್ಯಾಸವಿಲ್ಲ. ತಮ್ಮ ಸುತ್ತೋಲೆಗಳನ್ನು ನಾಲ್ಕು ನಾಲ್ಕು ಸಲ ಓದಿ ಭಾಷೆ ಸ್ವಲ್ಪ ಸುಧಾರಿಸಿದೆ, ಅದಕ್ಕೆ ಧನ್ಯವಾದ.

ಮರಗೆಲಸದ ಕೋಣೆಯನ್ನು ತಾವು ನೋಡಿದ್ದೀರಿ, ಆದರೆ ಫೋಟೋಗ್ರಾಫರನ ಕಡೆ ಮುಖ ಮಾಡಿಕೊಂಡು ನೋಡಿದ್ದೀರಿ. ಆದ್ದರಿಂದ ಅಲ್ಲಿ ಏನೇನಿದೆ ಎಂದು ಹೇಳುವುದು ಒಳ್ಳೆಯದು. ಆರು ಮೇಜುಗಳಿವೆ. ಗೋಡೆಯ ಹಲಗೆಗೆ ಉಳಿ, ಗರಗಸ, ಸುತ್ತಿಗೆಗಳನ್ನು ತೂಗುಹಾಕಿದೆ. ಪ್ರತಿಯೊಂದರ ಹಿಂದೆಯೂ ಅದರದೇ ಆಕಾರವನ್ನು ಕಪ್ಪು ಬಣ್ಣದಲ್ಲಿ ಬಿಡಿಸಿದೆ, ಏನು ಕಾಣೆಯಾದರೂ ಗೋಡೆಯೇ ಚಾಡಿ ಹೇಳುತ್ತದೆ. ಕಿಟಕಿಯ ಕೆಳಗೆ ಮರ ಕಡೆಯುವ ಲೇಥ್ ಇದೆ. ಮರದ ತುಂಡನ್ನು ಎರಡು ತುದಿಗೆ ಸಿಗಿಸಿದರೆ ಗಿರ್ರನೆ ತಿರುಗಿಸುತ್ತದೆ. ಉಳಿ ತಾಗಿಸಿದರೆ ಕುರ್ಚಿಯ ಕಾಲು ಸಿಗುತ್ತದೆ, ಕೈ ತಾಗಿಸಿದರೆ ಕೈ ಹೋಗುತ್ತದೆ. ಅದಕ್ಕೆ ಮೇಷ್ಟ್ರು ಯಾರು, ಮಗು ಯಾರು, ನಿರ್ದೇಶಕರು ಯಾರು ಎಂಬುದು ತಿಳಿಯುವುದಿಲ್ಲ. ಅದನ್ನು ಸುತ್ತೋಲೆಯ ಮೂಲಕ ತಿದ್ದಲೂ ಆಗುವುದಿಲ್ಲ.

ಬಾಗಿಲ ಪಕ್ಕದ ಗೋಡೆಯಲ್ಲಿ ಅಂಗೈ ಅಗಲದ ಕೆಂಪು ಗುಂಡಿಯೊಂದಿದೆ. ಒತ್ತಿದರೆ ಯಂತ್ರ ತಕ್ಷಣ ನಿಲ್ಲುತ್ತದೆ. ಮಕ್ಕಳು ಅದನ್ನು ಟೊಮೆಟೊ ಎನ್ನುತ್ತಾರೆ. ಯಂತ್ರ ಓಡುವಾಗಲೆಲ್ಲ ಮಕ್ಕಳಲ್ಲಿ ಒಬ್ಬರು ಅದರ ಪಕ್ಕದಲ್ಲಿ ನಿಂತು ಸುಮ್ಮನೆ ನೋಡುತ್ತಿರಬೇಕು, ಬೇರೆ ಕೆಲಸ ಮಾಡುವಂತಿಲ್ಲ. ಇದಕ್ಕೆ ಟೊಮೆಟೊ ಪಾಳಿ ಎಂದು ಹೆಸರು. ಪಾಳಿಯಲ್ಲಿರುವವರಿಗೆ ಅನುಮಾನ ಬಂದರೆ ಸಾಕು, ಯಾರನ್ನೂ ಕೇಳದೆ ಒತ್ತಬೇಕು. ಒತ್ತಿದ ಮೇಲೆ ಯಂತ್ರದ ಮುಂದಿರುವವರು, ಅವರು ಯಾರೇ ಆಗಿರಲಿ, ಎರಡು ಹೆಜ್ಜೆ ಹಿಂದೆ ಸರಿದು ಎರಡೂ ಅಂಗೈ ತೋರಿಸಬೇಕು. ಕೈಗಳು ಇಲ್ಲಿವೆ, ಯಂತ್ರದ ಬಾಯಲ್ಲಿಲ್ಲ ಎಂಬುದಕ್ಕೆ ಅದು ಸಾಕ್ಷಿ. ಕಾರಣ ಕೇಳುವುದು ಆಮೇಲೆ. ಅನುಮಾನ ಸುಳ್ಳಾದರೂ ಒತ್ತಿದವರನ್ನು ಬೈಯುವಂತಿಲ್ಲ. ಹನ್ನೊಂದು ವರ್ಷ ಆ ಕೋಣೆ ಹೀಗೇ ನಡೆಯಿತು. ಆ ಹನ್ನೊಂದು ವರ್ಷದಲ್ಲಿ ಅಲ್ಲಿಂದ ಒಬ್ಬರೂ ಆಸ್ಪತ್ರೆಗೆ ಹೋಗಲಿಲ್ಲ.

ನಾನು ಈ ಪದ್ಧತಿಯನ್ನು ಮೊದಲು ನೋಡಿದ್ದು ಕೆಲಸಕ್ಕೆ ಸೇರಿದ ವಾರ. ಸ್ಟೇಪ್ಲರ್ ಕೇಳಲು ಹೋಗಿದ್ದೆ. ಮೇಷ್ಟ್ರು ಲೇಥಿನ ಮುಂದೆ ಬಾಗಿ ನಿಂತಿದ್ದರು. ಎರಡು ಜಡೆಯ, ನನ್ನ ಮೊಣಕೈಯಷ್ಟೂ ಎತ್ತರವಿಲ್ಲದ ಒಬ್ಬಳು ಫಟ್ಟನೆ ಗುಂಡಿ ಒತ್ತಿದಳು. ಆರಡಿ ಎತ್ತರದ ಆ ಮನುಷ್ಯ ಮರುಮಾತಿಲ್ಲದೆ ಎರಡು ಹೆಜ್ಜೆ ಹಿಂದೆ ಬಂದು ಅಂಗೈ ತೋರಿಸಿ ನಿಂತರು.

"ಏನು ನೋಡ್ದೆ?"

"ನಿಮ್ಮ ಕನ್ನಡಕದ ದಾರ ಜೋತಾಡ್ತಿತ್ತು ಮೇಷ್ಟ್ರೇ."

"ಹೌದಲ್ವಾ. ನನಗೆ ಗೊತ್ತೇ ಆಗ್ಲಿಲ್ಲ. ಒಳ್ಳೇದಾಯ್ತು."

ದಾರ ಬಿಚ್ಚಿ ಜೇಬಿಗೆ ಹಾಕಿಕೊಂಡು ಕೆಲಸ ಮುಂದುವರಿಸಿದರು. ಮುಖ ಕೆಂಪಾಗಲಿಲ್ಲ, 'ನಾನೇ ತೆಗೀತಿದ್ದೆ' ಎನ್ನಲಿಲ್ಲ, ತಪ್ಪು ಮುಚ್ಚಿಕೊಳ್ಳಲು ಒಂದು ಹಾಸ್ಯವನ್ನೂ ಮಾಡಲಿಲ್ಲ. ನಾನು ಬಂದ ಕೆಲಸ ಮರೆತು ಬಾಗಿಲಲ್ಲೇ ನಿಂತಿದ್ದೆ. ಮದುವೆಯಾದರೆ ಈ ಮನುಷ್ಯನನ್ನೇ ಎಂದು ಅಲ್ಲೇ ನಿಶ್ಚಯಿಸಿಬಿಟ್ಟೆ. ಆತನಿಗೆ ವಿಷಯ ತಿಳಿಸಲು ಇನ್ನೂ ಹದಿನಾಲ್ಕು ತಿಂಗಳು ಬೇಕಾಯಿತು, ಅದು ಬೇರೆ ಕಥೆ. ನನ್ನಮ್ಮ ಕೇಳಿದ್ದಳು, "ಅಂಥದ್ದೇನಮ್ಮ ಕಂಡೆ ಅವನಲ್ಲಿ?" "ಹಿಂದೆ ಸರೀತಾನಮ್ಮ" ಎಂದೆ. ಅಮ್ಮನಿಗೆ ಅರ್ಥವಾಗಲಿಲ್ಲ. ಅವಳಿಗೆ ನಾಲ್ಕು ಸಲ ವಿವರಿಸಿದ ಮೇಲೆ ಆಯಿತು. ತಮಗೆ ಎಷ್ಟು ಸಲ ಬೇಕಾಗುವುದೋ ತಿಳಿಯದು.

ಈಗ ಆ ಹುಡುಗಿಯ ವಿಷಯ. ಸೊಂಟದ ಬೆಲ್ಟಿಗೆ ಸದಾ ಅಳತೆ ಟೇಪು ಸಿಗಿಸಿಕೊಂಡಿರುವುದರಿಂದ ಎಲ್ಲರಿಗೂ ಅವಳು ಟೇಪು. ಕಂಡದ್ದನ್ನೆಲ್ಲ ಅಳೆಯುವ ಚಟ. ಮದುವೆಯ ರಜೆ ಮುಗಿಸಿ ಬಂದ ದಿನ ನನ್ನ ಮುಖದ ಮುಂದೆ ಟೇಪು ಹಿಡಿದು ಗಂಭೀರವಾಗಿ ಹೇಳಿದಳು: "ಟೀಚರ್, ನಿಮ್ಮ ನಗು ಮೊದಲು ಆರು ಸೆಂಟಿಮೀಟರ್ ಇತ್ತು. ಈಗ ಎಂಟೂವರೆ. ಹುಷಾರು, ಕಿವಿ ಹತ್ರ ಬಂತು." ತಾಯಿಯಿಲ್ಲ. ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ ಮಾಡುವ ಚಿಕ್ಕಮ್ಮ ಸಾಕುತ್ತಿದ್ದಾರೆ. ಲೇಥಿನಲ್ಲಿ ಅವಳು ಕಡೆದ ಕುರ್ಚಿಯ ನಾಲ್ಕು ಕಾಲುಗಳನ್ನು ಪಕ್ಕ ಪಕ್ಕ ಇಟ್ಟರೆ ಯಾವುದು ಮೊದಲಿನದು, ಯಾವುದು ಕೊನೆಯದು ಎಂದು ನನ್ನ ಗಂಡನಿಗೂ ಹೇಳಲಾಗುವುದಿಲ್ಲ. ಮರಗೆಲಸದ ತರಬೇತಿ ಶಾಲೆಗೆ ಸೇರುವುದೊಂದೇ ಅವಳ ಆಸೆ.

ತಾವು ತಪಾಸಣೆಗೆ ಬಂದ ದಿನ ಟೊಮೆಟೊ ಪಾಳಿ ಅವಳದಾಗಿತ್ತು. ಹದಿಹರೆಯದವರಲ್ಲಿ ಶಿಸ್ತು ಎಂಬ ವಿಷಯದ ಮೇಲೆ ತಾವು ಇಪ್ಪತ್ತು ನಿಮಿಷ ಮಾತಾಡಿದಿರಿ. ಫೋಟೋಗ್ರಾಫರ್ "ಸಾರ್, ಮಿಷನ್ ಹತ್ರ ಒಂದು ತೆಗೆಯೋಣ, ಪುಡಿ ಹಾರ್ತಿದ್ರೆ ಚೆನ್ನಾಗಿರುತ್ತೆ" ಎಂದ. ನನ್ನ ಗಂಡ "ಒಂದು ನಿಮಿಷ, ರಕ್ಷಣೆಯ ಕನ್ನಡಕ ತರ್ತೀನಿ, ಕೊರಳಲ್ಲಿರೋದು ತೆಗೆದಿಡಿ ಸಾರ್" ಎಂದು ಹೇಳಿ ಕಪಾಟಿನ ಕಡೆ ತಿರುಗಿದರು. ಆ ಒಂದು ನಿಮಿಷ ಕಾಯುವುದು ತಮ್ಮ ಅಂತಸ್ತಿಗೆ ಒಗ್ಗಲಿಲ್ಲ. ತಾವೇ ಲೇಥ್ ಚಾಲೂ ಮಾಡಿ, ಉಳಿ ಹಿಡಿದು, ಕ್ಯಾಮೆರಾ ನೋಡುತ್ತ ಬಾಗಿದಿರಿ. ತಮ್ಮ ಕೊರಳಿನ ಐಡಿ ಕಾರ್ಡು, ಅದರ ನೀಲಿ ಪಟ್ಟಿಯ ಸಮೇತ, ತಿರುಗುತ್ತಿದ್ದ ಮರದಿಂದ ನಾಲ್ಕು ಬೆರಳು ದೂರದಲ್ಲಿ ತೂಗಾಡುತ್ತಿತ್ತು. ನಾಲ್ಕು ಬೆರಳು ಎನ್ನುವುದು ನನ್ನ ಲೆಕ್ಕ. ಏಳು ಸೆಂಟಿಮೀಟರ್ ಎನ್ನುವುದು ಟೇಪುವಿನ ಲೆಕ್ಕ, ಅವಳದನ್ನೇ ನಂಬಿ.

ಅವಳು ಒತ್ತಿದಳು. "ಹಿಂದೆ ಬನ್ನಿ ಸಾರ್" ಎಂದಳು. ತಾವು ಬರಲಿಲ್ಲ, ಯಾರದು ಎಂದು ನೋಡಿದಿರಿ. ಅವಳು ಕಲಿತಿದ್ದನ್ನು ಕಲಿತಂತೆಯೇ ಹೇಳಿದಳು: "ಎರಡು ಹೆಜ್ಜೆ ಹಿಂದೆ ಬಂದು ಅಂಗೈ ತೋರಿಸಿ ಸಾರ್." ಫೋಟೋಗ್ರಾಫರನಿಗೆ ನಗು ತಡೆಯಲಾಗಲಿಲ್ಲ. ನನಗನಿಸುತ್ತದೆ, ಆ ಹುಡುಗಿಯ ಭವಿಷ್ಯ ನಿರ್ಧಾರವಾದದ್ದು ಗುಂಡಿ ಒತ್ತಿದಾಗಲ್ಲ, ಫೋಟೋಗ್ರಾಫರ್ ನಕ್ಕಾಗ. ತಾವು ಕೇಳಿದ್ದು ಒಂದೇ ಪ್ರಶ್ನೆ: "ನಾನು ಯಾರು ಗೊತ್ತಾ?"

ಅವಳು ತಮ್ಮ ಕಾರ್ಡಿನ ಕಡೆ ನೋಡಿ, "ಗೊತ್ತು ಸಾರ್, ಅದೇ ಸಿಕ್ಕಿಹಾಕ್ಕೊಳ್ತಿತ್ತು" ಎಂದಳು. ವ್ಯಂಗ್ಯವಲ್ಲ ಸ್ವಾಮಿ, ವರದಿ ಒಪ್ಪಿಸಿದಳು. ಒತ್ತಿದ ಮೇಲೆ ಕಾರಣ ಹೇಳಬೇಕೆಂಬುದು ಆ ಕೋಣೆಯ ನಿಯಮ.

ಮೂರು ದಿನಗಳಲ್ಲಿ ಸುತ್ತೋಲೆ ಬಂತು. ನಮ್ಮ ಕೇಂದ್ರದ ಮಾಡು ಸೋರುತ್ತಿದೆ ಎಂದು ಬರೆದದ್ದಕ್ಕೆ ಉತ್ತರ ಬರಲು ಒಂದೂವರೆ ವರ್ಷ ಹಿಡಿದಿತ್ತು. ಆಡಳಿತ ಚುರುಕಾಗಲು ಏನು ತಾಗಬೇಕೆಂದು ಈಗ ನಮಗೆ ತಿಳಿದಿದೆ. ಸುತ್ತೋಲೆಯಲ್ಲಿ ಹೀಗಿತ್ತು: 'ಸಂಜೆ ಕೇಂದ್ರಗಳಲ್ಲಿ ಹಿರಿಯರ ಬಗೆಗಿನ ಗೌರವ ಕ್ಷೀಣಿಸುತ್ತಿರುವುದು ಗಮನಕ್ಕೆ ಬಂದಿದ್ದು, ಇನ್ನು ಮುಂದೆ ಯಾವುದೇ ವಿದ್ಯಾರ್ಥಿಯು ವಯಸ್ಕರಿಗೆ ಸೂಚನೆ ನೀಡತಕ್ಕದ್ದಲ್ಲ. ಹೇಳುವುದಿದ್ದಲ್ಲಿ ಬಲಗೈ ಎತ್ತಿ ಅನುಮತಿ ಪಡೆದು ಹೇಳತಕ್ಕದ್ದು.' ಗುಂಡಿಯನ್ನು ಕಬ್ಬಿಣದ ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿ, ಕೀಲಿಯನ್ನು ಕೇಂದ್ರದ ಮೇಲ್ವಿಚಾರಕಿಯ ಡ್ರಾಯರಿನಲ್ಲಿ ಇಡಬೇಕೆಂದೂ ಆದೇಶವಾಯಿತು. ಬಲಗೈಯನ್ನೇ ಎತ್ತಬೇಕೆಂದು ಬರೆದ ಮಹನೀಯರಿಗೆ, ಅಪಘಾತವಾಗುವ ಮೊದಲು ಎಷ್ಟು ಹೊತ್ತು ಎತ್ತಿರಬೇಕೆಂದು ಬರೆಯಲು ಮರೆತುಹೋಯಿತೇ?

ಈ ಮಕ್ಕಳು ದೇವತೆಗಳೆಂದು ನಾನು ಹೇಳುತ್ತಿಲ್ಲ. ನಾನು ಪಕ್ಕದ ಕೋಣೆಗೆ ಚಹಾ ತೆಗೆದುಕೊಂಡು ಹೋದರೆ "ಮೇಷ್ಟ್ರಿಗೆ ಚಹಾ, ನಮಗೆ ಗ್ರಾಮರ್ರಾ ಟೀಚರ್?" ಎನ್ನುತ್ತಾರೆ. ಬೆನ್ನ ಹಿಂದೆ ನನ್ನನ್ನು ಹನಿಮೂನ್ ಟೀಚರ್ ಎಂದು ಕರೆಯುತ್ತಾರೆ, ಈಚೆಗೆ ಮುಖದ ಮುಂದೆಯೂ. ಸುಳ್ಳು ಹೇಳುತ್ತಾರೆ, ಬಾಗಿಲು ಧಡಾರನೆ ಹಾಕುತ್ತಾರೆ, ಕೇಳಿದ್ದಕ್ಕೆ ಭುಜ ಕುಣಿಸಿ ಉತ್ತರಿಸುತ್ತಾರೆ. ಬೈಯುತ್ತೇನೆ, ಕೆಲವು ದಿನ ಗಂಟಲು ಕಟ್ಟುವಷ್ಟು ಬೈಯುತ್ತೇನೆ. ಆದರೆ ಒಂದು ಮಾತು ನಿಜ: ಯಾರ ಮಾತಿಗೆ ತೂಕವಿದೆ, ಯಾರದು ಬರೀ ಸದ್ದು ಎಂಬುದು ಅವರಿಗೆ ಗೊತ್ತು. ತನ್ನನ್ನು ನಿಲ್ಲಿಸುವ ಹಕ್ಕನ್ನು ಹನ್ನೆರಡು ವರ್ಷದವಳಿಗೆ ಕೊಟ್ಟ ಮೇಷ್ಟ್ರು ಮೆಲ್ಲಗೆ "ಸಾಕು" ಎಂದರೆ ಇಡೀ ಕೋಣೆ ತಣ್ಣಗಾಗುತ್ತದೆ. ತಾವು ಇಪ್ಪತ್ತು ನಿಮಿಷ ಮೈಕಿನಲ್ಲಿ ಶಿಸ್ತು ಶಿಸ್ತು ಎಂದಾಗ ಹಿಂದಿನ ಸಾಲಿನವರು ಏನು ಮಾಡುತ್ತಿದ್ದರು ಗೊತ್ತೇ? ತಾವು ಆ ಪದವನ್ನು ಎಷ್ಟು ಸಲ ಹೇಳುತ್ತೀರೆಂದು ಗೀಟು ಹಾಕುತ್ತಿದ್ದರು. ಮೂವತ್ತೊಂದು. ಗೌರವವೆಂದರೆ ಬಾಯಿ ಮುಚ್ಚಿಕೊಂಡು ನಿಂತಿರುವುದು ಎಂದಾದರೆ ತಮ್ಮ ಕಚೇರಿಯ ಬೀರುಗಳಷ್ಟು ಗೌರವಸ್ಥರು ಬೇರೆ ಯಾರೂ ಇಲ್ಲ.

ಟೇಪು ಎಲ್ಲರೆದುರು ಕ್ಷಮೆ ಓದಿದರೆ ಪರಿಶೀಲಿಸಲಾಗುವುದು ಎಂದು ತಾವು ದೊಡ್ಡ ಮನಸ್ಸು ಮಾಡಿದ್ದಿರಿ. ಆ ಸಂಜೆ ಅವಳೂ ಚಿಕ್ಕಮ್ಮನೂ ನಮ್ಮ ಮನೆಗೆ ಬಂದರು. ಚಿಕ್ಕಮ್ಮನ ಕೈಯಲ್ಲಿ ಇಸ್ತ್ರಿಯ ಬಿಸಿ ಇನ್ನೂ ಇತ್ತು.

"ಇವಳು ತಪ್ಪು ಮಾಡಿಲ್ಲ ಅಂತ ನನಗೂ ಗೊತ್ತು ಕಣಮ್ಮ" ಎಂದರು. "ಆದ್ರೆ ದೊಡ್ಡೋರ ಎದುರಿಗೆ ಸರಿ ಮಾಡೋದೂ ಒಂದು ತಪ್ಪೇ. ಬರೆದುಬಿಡ್ಲಿ. ಒಂದು ಕಾಗದ ತಾನೇ."

"ಬರೀತೀನಿ ಚಿಕ್ಕಮ್ಮ, ನಾನೆಲ್ಲಿ ಬರೆಯಲ್ಲ ಅಂದೆ?" ಟೇಪು ಪೆನ್ನು ಹಿಡಿದು ಕೂತಿದ್ದಳು. "ಟೀಚರ್, ಯಾವುದಕ್ಕೆ ಕ್ಷಮೆ ಅಂತ ಬರೀಲಿ? ಅದೊಂದು ಹೇಳಿ."

ಇಂಗ್ಲಿಷಿನಲ್ಲಿ ಎಂ.ಎ. ಮಾಡಿದ ನಾನು ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತ ಕೂತೆ. ಮೊದಲ ಕಾಗದದಲ್ಲಿ 'ತಮ್ಮನ್ನು ಅನುಮತಿ ಇಲ್ಲದೆ ಕಾಪಾಡಿದ್ದಕ್ಕೆ ಕ್ಷಮೆಯಿರಲಿ' ಎಂದು ಬರೆದಳು. ಬೇರೆ ದಾರಿ ತೋಚದೆ ಬರೆದದ್ದು, ಆದರೂ ನನ್ನ ಗಂಡ ಎದ್ದು ನೀರು ಕುಡಿಯುವ ನೆಪದಲ್ಲಿ ಒಳಗೆ ಹೋಗಿ ನಕ್ಕು ಬಂದರು. 'ಧಾಟಿ ಸಮರ್ಪಕವಾಗಿಲ್ಲ' ಎಂದು ವಾಪಸಾಯಿತು. ಎರಡನೆಯದು 'ಫೋಟೋ ಹಾಳಾದದ್ದಕ್ಕೆ' ಎಂದಿತ್ತು, ಅದೂ ವಾಪಸು. ಮೂರನೆಯದನ್ನು ನಾನೇ ಬರೆದುಕೊಟ್ಟೆ, ಅದಕ್ಕೆ 'ಪಶ್ಚಾತ್ತಾಪದ ಅಂಶ ಕಡಿಮೆ' ಎಂದು ಷರಾ ಬಂತು. ನಾಲ್ಕನೆಯದನ್ನು ಚಿಕ್ಕಮ್ಮ ಹೇಳಿ ಬರೆಸಿದರು. ಜೀವಮಾನವಿಡೀ ದೊಡ್ಡವರಿಗೆ ತಲೆಬಾಗಿದವರಿಗೆ ಆ ಭಾಷೆ ನಮ್ಮೆಲ್ಲರಿಗಿಂತ ಚೆನ್ನಾಗಿ ಬರುತ್ತದೆ. 'ದೊಡ್ಡವರು ಯಾವಾಗ ಏನು ಮಾಡಬೇಕೆಂದು ಅವರಿಗೇ ಗೊತ್ತಿರುತ್ತದೆ. ಚಿಕ್ಕವಳಾದ ನಾನು ನಡುವೆ ಬಾಯಿ ಹಾಕಿದ್ದು ತಪ್ಪು. ಇನ್ನು ಮುಂದೆ ಯಾರೂ ಹೀಗೆ ಮಾಡಬಾರದು.' ಅದು ಒಪ್ಪಿಗೆಯಾಯಿತು.

ನಲವತ್ತು ಮಕ್ಕಳ ಮುಂದೆ ಅವಳು ಅದನ್ನು ಓದಿದಳು. ಒಂದು ಅಕ್ಷರ ಬಿಡದೆ, ಒಂದು ಸಲವೂ ತಡವರಿಸದೆ ಓದಿದಳು. ತಮ್ಮ ಕಚೇರಿಯಿಂದ ಬಂದಿದ್ದ ಗುಮಾಸ್ತರು ಬಾಗಿಲಲ್ಲಿ ನಿಂತು ಬರೆದುಕೊಂಡರು. ಮರುವಾರ ಆದೇಶ ಬಂತು: ಓದುವಾಗ ತಲೆ ತಗ್ಗಿಸಿರಲಿಲ್ಲವಾದ್ದರಿಂದ ಪ್ರವೇಶ ನಿರಾಕರಣೆ ವರ್ಷಾಂತ್ಯದವರೆಗೆ ಮುಂದುವರಿಯತಕ್ಕದ್ದು, ನಡತೆ ಪತ್ರದ ಷರಾದಲ್ಲಿ ಬದಲಾವಣೆ ಇಲ್ಲ. ತಲೆ ತಗ್ಗಿಸಿ ಓದಿದ್ದರೆ ಮುಖ ಕಾಣಲಿಲ್ಲ ಎಂದು ಬರೆಯುತ್ತಿದ್ದಿರೋ ಏನೋ.

ಆದರೆ ಮಾನ್ಯರೇ, ಆ ಕ್ಷಮಾಪಣೆಯನ್ನು ಅವಳು ತಮಗಾಗಿ ಓದಿದಳೆಂದು ತಾವು ತಿಳಿದಿದ್ದೀರಿ. ಕೇಳಿಸಿಕೊಂಡವರು ಆ ನಲವತ್ತು ಮಂದಿ. ಮಕ್ಕಳು ಮಾತು ಕೇಳುವುದಿಲ್ಲ ಎಂದು ದೂರುತ್ತೀರಲ್ಲ, ಈ ಸಲ ಕೇಳಿದರು.

ಬೀಗ ಬಿದ್ದ ದಿನವೇ ನನ್ನ ಗಂಡ ಲೇಥ್ ಓಡಿಸುವುದಿಲ್ಲ ಎಂದಿದ್ದರು. 'ಬಳಸದಿದ್ದಲ್ಲಿ ಯಂತ್ರವನ್ನು ಬೇರೆ ಕೇಂದ್ರಕ್ಕೆ ವರ್ಗಾಯಿಸಲಾಗುವುದು' ಎಂದು ತಮ್ಮಿಂದ ಕಾಗದ ಬಂತು. ಇದ್ದ ಒಂದು ಯಂತ್ರವೂ ಹೋದೀತೆಂದು ಓಡಿಸಿದರು. ಪಾಳಿಯನ್ನು ತಾವು ರದ್ದು ಮಾಡಿರಲಿಲ್ಲ. ಆದ್ದರಿಂದ ಬೀಗ ಹಾಕಿದ ಪೆಟ್ಟಿಗೆಯ ಪಕ್ಕದಲ್ಲಿ ದಿನಕ್ಕೊಂದು ಮಗು ನಿಂತುಕೊಳ್ಳುತ್ತಿತ್ತು. ಕೀಲಿಯಿಲ್ಲದ ಕಾವಲು.

ಕಳೆದ ಗುರುವಾರದ ವಿಷಯ ಬರೆಯುವಾಗ ನನ್ನ ತಪ್ಪನ್ನೂ ಬರೆಯಬೇಕು. ಲೇಥಿನ ಮುಂದೆ ನಿಲ್ಲುವವರ ತೋಳು ಮೊಣಕೈವರೆಗೆ ಮಡಚಿರಬೇಕು. ಅವತ್ತು ನನ್ನ ಗಂಡ ತೊಟ್ಟಿದ್ದು ನಾನು ಕೊಡಿಸಿದ ಹೊಸ ತುಂಬುತೋಳಿನ ಅಂಗಿ. "ಮಡಚಬೇಡಿ, ಸುಕ್ಕಾಗುತ್ತೆ, ಹೀಗೇ ಚೆನ್ನಾಗಿ ಕಾಣ್ತೀರಿ" ಎಂದು ಮನೆಯಲ್ಲಿ ನಾನೇ ಗುಂಡಿ ಹಾಕಿ ಕಳಿಸಿದ್ದೆ. ಕೆಲಸಕ್ಕೆ ನಿಲ್ಲುವಾಗ ಮಡಚಿಕೊಳ್ಳುವುದನ್ನು ಅವರು ಮರೆತರು. ಐದು ಗಂಟೆಯ ಹೊತ್ತು. ನಾನು ಚಹಾ ಹಿಡಿದು ಬಾಗಿಲಲ್ಲಿ ನಿಂತು, ವಾರಾಂತ್ಯಕ್ಕೆ ಎಲ್ಲಿಗೆ ಹೋಗೋಣ ಎಂದು ಯಂತ್ರದ ಸದ್ದಿನ ಮೇಲೆ ಕೂಗಿ ಕೇಳುತ್ತಿದ್ದೆ. ಪೆಟ್ಟಿಗೆಯ ಪಕ್ಕದಲ್ಲಿದ್ದವಳು ಹದಿಮೂರರ ಒಬ್ಬ ಮೆತ್ತನೆಯ ಹುಡುಗಿ. ಬಲಗೈ ಎತ್ತಿದ್ದಳು.

"ಟೀಚರ್, ಒಂದು ಮಾತು ಹೇಳಬಹುದಾ?"

"ಒಂದ್ನಿಮಿಷ ಇರಮ್ಮ" ಎಂದೆ.

ಇದ್ದಳು. ಕೈ ಇಳಿಸದೆ, ತುಟಿ ಬಿಚ್ಚದೆ, ಸುತ್ತೋಲೆಯಲ್ಲಿ ಬರೆದಂತೆ ನಿಂತಿದ್ದಳು. ನನ್ನ ಗಂಡನೂ ಅವಳ ಕೈ ಎತ್ತಿದ್ದನ್ನು ಓರೆಗಣ್ಣಲ್ಲಿ ನೋಡಿದ್ದರಂತೆ. ಏನೋ ಅನುಮಾನ ಕೇಳುತ್ತಾಳೆ, ಈ ಕುರ್ಚಿಯ ಕಾಲು ಮುಗಿಸಿ ಹೇಳಿದರಾಯಿತು ಎಂದುಕೊಂಡರಂತೆ. ಅಷ್ಟರಲ್ಲಿ ತೋಳಿನ ಅಂಚು ತಿರುಗುವ ಮರಕ್ಕೆ ಸುತ್ತಿಕೊಂಡಿತು. ನಾನು ಪೆಟ್ಟಿಗೆಯ ಬೀಗವನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದ್ದು ನೆನಪಿದೆ, ಅದೊಂದೇ ನೆನಪಿದೆ. ದೊಡ್ಡ ಹುಡುಗಿಯರಲ್ಲಿ ಒಬ್ಬಳು ಮೇಜಿನಡಿ ನುಸುಳಿ ಪ್ಲಗ್ಗು ಕಿತ್ತಳು. ಯಾರ ಅನುಮತಿಯನ್ನೂ ಪಡೆದಿರಲಿಲ್ಲ, ಆದ್ದರಿಂದ ಯಾರೆಂದು ತಮಗೆ ಹೇಳುವುದಿಲ್ಲ.

ಬಲಗೈಯ ಎರಡು ಬೆರಳು ಮುರಿದಿವೆ, ಮುಂಗೈಗೆ ಹದಿನೇಳು ಹೊಲಿಗೆ ಹಾಕಿದ್ದಾರೆ. ಉಳಿ ಹಿಡಿಯುವ ಕೈ. ಮೊದಲಿನಂತಾಗುತ್ತದೆಯೇ ಎಂದು ಕೇಳಿದರೆ ವೈದ್ಯರು "ನೋಡೋಣ" ಎನ್ನುತ್ತಾರೆ. ಆಸ್ಪತ್ರೆಯಲ್ಲಿ ನನ್ನ ಗಂಡ ಹೇಳಿದ ಮೊದಲ ಮಾತು, "ಆ ಮಗೂನ ಯಾರೂ ಬೈದಿಲ್ಲ ತಾನೇ?" ಬೈದಿರಲಿಲ್ಲ. ಆದರೆ ಅವಳು ಅಂದಿನಿಂದ ಕೇಂದ್ರಕ್ಕೆ ಬಂದಿಲ್ಲ. ಮನೆಗೆ ಹೋದೆ. ಕದದ ಹಿಂದೆ ನಿಂತು ಕೇಳಿದಳು, "ನಾನು ಕೈ ಎತ್ತಿದ್ದೆ ಅಲ್ವಾ ಟೀಚರ್? ಸರಿಯಾಗೇ ಎತ್ತಿದ್ದೆ ಅಲ್ವಾ?" ಏನು ಹೇಳಲಿ ಮಾನ್ಯರೇ? ತಾವೇ ಒಂದು ಉತ್ತರ ಬರೆದುಕೊಡಿ, ಧಾಟಿಯ ಬಗ್ಗೆ ನಾನು ತಕರಾರು ಮಾಡುವುದಿಲ್ಲ.

ಸೋಮವಾರ ತಮ್ಮ ಕಚೇರಿಯ ತನಿಖಾ ವರದಿ ಬಂತು. ಈಗ ಕಣ್ಣೆದುರಿಗಿದೆ. 'ಅಪಘಾತಕ್ಕೆ ಸಿಬ್ಬಂದಿಯ ಅಜಾಗರೂಕತೆಯೇ ಕಾರಣ.' ಒಪ್ಪಿದೆ, ನನ್ನ ಗಂಡನೂ ಒಪ್ಪುತ್ತಾರೆ. ದೊಡ್ಡವರು ಅಜಾಗರೂಕರಾಗುತ್ತಾರೆ. ಹೊಸ ಅಂಗಿಯ ಖುಷಿಯಲ್ಲಿ, ಫೋಟೋದ ಆಸೆಯಲ್ಲಿ, ಹರಟೆಯಲ್ಲಿ ಮೈಮರೆಯುತ್ತಾರೆ. ದೊಡ್ಡವರು ಎಂದೂ ತಪ್ಪುವುದಿಲ್ಲ ಎಂದಾಗಿದ್ದರೆ ಆ ಗೋಡೆಗೆ ಆ ಗುಂಡಿ ಏಕೆ ಬೇಕಿತ್ತು? ಆದರೆ ವರದಿಯ ಎರಡನೆಯ ಸಾಲನ್ನು ನಾನು ಎಷ್ಟು ಸಲ ಓದಿದರೂ ಮುಗಿಯುತ್ತಿಲ್ಲ: 'ಘಟನೆಯ ವೇಳೆ ವಿದ್ಯಾರ್ಥಿಗಳ ನಡವಳಿಕೆ ತೃಪ್ತಿಕರವಾಗಿತ್ತು.'

ತೃಪ್ತಿಕರ. ತಮ್ಮ ಕುತ್ತಿಗೆಗೆ ಒಂದು ಗೀರೂ ಆಗದಂತೆ ನೋಡಿಕೊಂಡವಳು ಅವಿಧೇಯೆ. ಕಣ್ಣೆದುರು ಒಂದು ಕೈ ಮುರಿಯುವಾಗ ಕೈ ಎತ್ತಿ ನಿಂತವಳು ತೃಪ್ತಿಕರ. ತಾವು ಬಯಸಿದ ಗೌರವ ಇದೇ ಆಗಿದ್ದರೆ ಅದು ತಮಗೆ ಸಂಪೂರ್ಣವಾಗಿ ಸಿಕ್ಕಿದೆ. ಅದರ ಎಕ್ಸ್-ರೇ ನನ್ನ ಬಳಿ ಇದೆ, ಬೇಕಾದರೆ ಕಚೇರಿಯ ಗೋಡೆಗೆ ಹಾಕಿಕೊಳ್ಳಲು ಕಳಿಸುತ್ತೇನೆ.

ಇನ್ನು ಬೇಡಿಕೆ. ಮಂಗಳವಾರ ಸಂಜೆ ನಾನೇ ಸ್ಕ್ರೂಡ್ರೈವರ್ ಹಿಡಿದು ಆ ಪೆಟ್ಟಿಗೆಯನ್ನು ಗೋಡೆಯಿಂದ ಬಿಚ್ಚಿದ್ದೇನೆ. ನಾಲ್ಕು ಸ್ಕ್ರೂ, ಇಪ್ಪತ್ತು ನಿಮಿಷ, ಒಂದು ಉಗುರು. ಮೇಲ್ವಿಚಾರಕಿ ಡ್ರಾಯರಿನಲ್ಲಿ ಏನೋ ಹುಡುಕುತ್ತ ತಲೆ ಎತ್ತಲಿಲ್ಲ, ಅವರ ಮೇಲೆ ಕ್ರಮ ಬೇಡ. ಸರ್ಕಾರಿ ಆಸ್ತಿಯನ್ನು ಹಾಳುಮಾಡಿದ ಆರೋಪವನ್ನು ನನ್ನ ಮೇಲೆ ಹೊರಿಸಿ, ಒಪ್ಪಿಕೊಳ್ಳುತ್ತೇನೆ. ಅದನ್ನು ಮತ್ತೆ ಹಾಕಿಸಬೇಡಿ. ಟೇಪುವನ್ನು ಕೇಂದ್ರಕ್ಕೆ ವಾಪಸು ಕರೆಯಿರಿ. ನಡತೆ ಪತ್ರದ ಆ ಪದವನ್ನು ಗುರುವಾರ ಸಂಜೆಯೊಳಗೆ ತೆಗೆಯಿರಿ.

ತೆಗೆಯದಿದ್ದರೆ ಏನಾಗುತ್ತದೆಂದು ಹೇಳಿಬಿಡುತ್ತೇನೆ. ತರಬೇತಿ ಶಾಲೆಯ ಅರ್ಜಿಯಲ್ಲಿ ಒಂದು ಪ್ರಶ್ನೆ ಇದೆ: 'ಅಭ್ಯರ್ಥಿಯ ಮೇಲೆ ಈ ಹಿಂದೆ ಶಿಸ್ತು ಕ್ರಮ ಜರುಗಿದೆಯೇ? ಹೌದಾದಲ್ಲಿ ಕಾರಣ.' ಚಿಕ್ಕಮ್ಮ "ಇಲ್ಲ ಅಂತ ಬರಿ, ಯಾರು ನೋಡ್ತಾರೆ" ಎಂದರು. ನಾನು, ನಾಚಿಕೆಯಾಗುತ್ತದೆ, ಹಾಗೇ ಬರೆಯಲಿ ಎಂದು ಸುಮ್ಮನಿದ್ದೆ. ಟೇಪು ಪೆನ್ನು ತೆಗೆದುಕೊಂಡು ದುಂಡಗೆ ಬರೆದಳು: 'ಹೌದು. ಯಂತ್ರ ನಿಲ್ಲಿಸಿದೆ.' ಕಾರಣಕ್ಕೆ ಆರು ಸಾಲು ಜಾಗವಿತ್ತು, ಉಳಿದ ಐದನ್ನು ಖಾಲಿ ಬಿಟ್ಟಳು. ಬೇರೆ ಏನಾದರೂ ಸೇರಿಸಬೇಕಾ ಎಂದು ನನ್ನನ್ನು ಕೇಳಿದಳು. ಬೇಡ ಎಂದೆ.

ಶುಕ್ರವಾರ ಹತ್ತು ಗಂಟೆಗೆ ಅಲ್ಲಿನವರು ಅದನ್ನು ಓದುತ್ತಾರೆ. ಮರಗೆಲಸ ತಿಳಿದವರು, ಇದೇನೆಂದು ಆಶ್ಚರ್ಯಪಟ್ಟು ತಮ್ಮ ಕಚೇರಿಗೆ ಫೋನು ಮಾಡಬಹುದು. ದಯವಿಟ್ಟು ಆ ಒಂದು ಫೋನನ್ನು ಗುಮಾಸ್ತರಿಗೆ ಬಿಡದೆ ತಾವೇ ಎತ್ತಿಕೊಳ್ಳಿ. ಈ ಹುಡುಗಿ ಯಂತ್ರ ನಿಲ್ಲಿಸಿದ್ದು ನಿಜವೇ ಎಂದು ಕೇಳುತ್ತಾರೆ. ಹೌದು ಎನ್ನಿ. ಅಲ್ಲಿ ಯಾರಿದ್ದರು ಎಂದು ಕೇಳುತ್ತಾರೆ. ನಾನಿದ್ದೆ ಎನ್ನಿ. ಬೇರೆ ಏನನ್ನೂ ಹೇಳಬೇಕಾಗಿಲ್ಲ.

ಇಂತಿ,
ಈ ಪತ್ರ ಪತ್ರಿಕೆಯಲ್ಲಿ ಅಚ್ಚಾಗುವವರೆಗಂತೂ ತಮ್ಮ ಕೈಕೆಳಗೆ ಕೆಲಸದಲ್ಲಿರುವ,
ಈಗ ಎರಡು ಹೊತ್ತೂ ಗಂಡನಿಗೆ ತುತ್ತು ಕಲಸಿ ಕೊಡುತ್ತಿರುವ,
ಸಂಜೆ ಕೇಂದ್ರದ ಓದುವ ಕೋಣೆಯ ಟೀಚರ್